ಗಾಡಿಯ ಹೊಟ್ಟೆಗೊಂದು ಹೀಟರ್

ಗೋವಿಂದರಾಜು: ಹೊಸದು ಬೇಡ ಅಂದ್ರೆ ಬೇಡ ಕಣೇ! ರಿಪೇರಿ ಆದ್ರೆ ಹೋಗೋಣ. ಆಗ್ದಿದ್ರೆ ಪ್ರಯಾಣ ಇಲ್ಲಿಗೆ ನಿಲ್ತು.

ವರಲಕ್ಷ್ಮಮ್ಮ: ಅದೇ ಯಾಕೆ ಅಂತ ಕೇಳ್ತಿರೋದು. ಒಂದು ಹೀಟರ್ ಕೆಟ್ರೆ ಇನ್ನೊಂದು ಹಾಕಿಸ್ತಾರೆ. ಹೀಟರ್ ಕೆಡ್ತು ಅಂತ ಮನಾಲಿನೇ ಬಿಟ್ಬಿಡೋದು ಯಾವೂರ ನ್ಯಾಯ?

ಗೋವಿಂದರಾಜು: ಹೊಸದು ಆ ಜಾಗಕ್ಕೆ ಕೂರಲ್ಲ. ಅದರ ಅಳತೆನೇ ಬೇರೆ ಇರುತ್ತೆ.

ವರಲಕ್ಷ್ಮಮ್ಮ: ನನ್ನ ನೋಡೋಕೆ ಬಂದಾಗ ನಿಮ್ಮಮ್ಮನೂ ಇದೇ ಮಾತು ಅಂದಿದ್ರು. ಈ ಹುಡುಗಿ ನಮ್ಮನೆಗೆ ಕೂರಲ್ಲ ಅಂತ. ಕೂತ್ಕೊಂಡೆನೋ ಇಲ್ವೋ?

ಗೋವಿಂದರಾಜು: ಕೂತ್ಕೊಂಡೆ. ಆಮೇಲೆ ನಮಗೆಲ್ಲ ಕೂರೋಕೆ ಜಾಗ ಇಲ್ದಂಗಾಯ್ತು.

ದಾಬಸ್‌ಪೇಟೆಯಿಂದ ಒಳಕ್ಕೆ ಹೋಗುವ ಹಳ್ಳಿಯ ರಸ್ತೆಯ ಬದಿಯಲ್ಲಿ, ಹೊಂಗೆ ಮರದ ಕೆಳಗೆ, ಈ ಗಂಡ ಹೆಂಡತಿಯರ ಪಕ್ಕದಲ್ಲಿ ನಿಂತಿದ್ದದ್ದು ಒಂದು ಕ್ಯಾರವಾನ್. ಒಳಗೆ ಮಂಚ, ಒಲೆ, ಫ್ರಿಡ್ಜು, ಕಕ್ಕಸು ಎಲ್ಲವೂ ಇದ್ದ ಆ ವಾಹನವನ್ನು ಊರಿನವರು ಮನೆಗಾಡಿ ಎನ್ನುತ್ತಿದ್ದರು. ಸರ್ಕಾರಿ ಬಸ್ಸಿನ ಚಾಲಕರಾಗಿ ನಿವೃತ್ತರಾದ ಮೇಲೆ ಗೋವಿಂದರಾಜು ಅದನ್ನು ಬೆಂಗಳೂರಿನ ಒಂದು ಪ್ರವಾಸಿ ಕಂಪನಿಯಿಂದ ಸೆಕೆಂಡ್ ಹ್ಯಾಂಡಿನಲ್ಲಿ ತಂದಿದ್ದರು. ಬರುವ ಸೋಮವಾರ ಇಬ್ಬರೂ ಅದರಲ್ಲಿ ಮನಾಲಿಗೆ ಹೊರಡುವುದೆಂದು ನಿಶ್ಚಯವಾಗಿತ್ತು. ವರಲಕ್ಷ್ಮಮ್ಮನವರಿಗೆ ಹಿಮವನ್ನು ಕೈಯಲ್ಲಿ ಹಿಡಿದು ನೋಡಬೇಕೆಂಬ ಆಸೆ.

ಗಾಡಿಯ ನೆಲದ ಕೆಳಗೆ, ಬಸ್ಸುಗಳ ಪಕ್ಕದಲ್ಲಿ ಲಗೇಜು ತುಂಬುವ ಡಿಕ್ಕಿ ಇರುತ್ತದಲ್ಲ, ಅಂಥದ್ದೇ ಒಂದು ದೊಡ್ಡ ಡಿಕ್ಕಿಯಿತ್ತು. ಗೋವಿಂದರಾಜು ಅದಕ್ಕೆ ಇಟ್ಟ ಹೆಸರು ಹೊಟ್ಟೆ ಡಿಕ್ಕಿ. ನೀರಿನ ಟ್ಯಾಂಕು, ಪಂಪು, ಪೈಪುಗಳೆಲ್ಲ ಅದರಲ್ಲೇ. ಮಂಜು ಬೀಳುವ ಊರಿನಲ್ಲಿ ನೀರು ಹೆಪ್ಪುಗಟ್ಟಿ ಪೈಪು ಸೀಳದಿರಲಿ ಎಂದು ಹಳೆಯ ಮಾಲೀಕರು ಅಲ್ಲೊಂದು ಸಣ್ಣ ಹೀಟರ್ ಕೂರಿಸಿದ್ದರು. ಅದು ಸತ್ತುಹೋಗಿದೆ ಎಂದು ಗೋವಿಂದರಾಜು ಕಳೆದ ವಾರ ಘೋಷಿಸಿದ್ದರು. ಅಂದಿನಿಂದ ಮನೆಯಲ್ಲಿ ಬೇರೆ ಮಾತಿರಲಿಲ್ಲ.

ಈಗ ಆ ಡಿಕ್ಕಿಯಿಂದ ಎರಡು ಕಾಲುಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಅವು ವರಲಕ್ಷ್ಮಮ್ಮನವರ ತಮ್ಮ ನಂದೀಶನವು. ನೆಲಮಂಗಲದ ಲಾರಿ ಸ್ಟ್ಯಾಂಡಿನ ಹತ್ತಿರ ಲಾರಿಗಳ ವೈರಿಂಗ್ ನೋಡುವವನು. ಹೊಸ ಪ್ಯಾಂಟಿಗೆ ಗ್ರೀಸ್ ಮೆತ್ತದಿರಲೆಂದು ಭಾವನ ಚೌಕುಳಿ ಲುಂಗಿ ಉಟ್ಟು ಒಳಗೆ ನುಸುಳಿದ್ದ.

ನಂದೀಶ: (ಡಿಕ್ಕಿಯೊಳಗಿಂದ) ಅಕ್ಕಾ, ಸ್ವಲ್ಪ ಮೆಲ್ಲಗೆ! ಇಲ್ಲಿ ಪ್ರತಿಧ್ವನಿ ಬರ್ತಿದೆ. ನೀವು ಒಂದು ಜಗಳ ಆಡಿದ್ರೆ ನಂಗೆ ಎರಡು ಕೇಳಿಸ್ತಿದೆ.

ವರಲಕ್ಷ್ಮಮ್ಮ: ನೀನು ಹೇಳೋ ನಂದೀಶ. ಇದನ್ನ ಕಿತ್ತು ಬಿಸಾಕಿ ಹೊಸದು ಹಾಕೋಕಾಗುತ್ತೋ ಇಲ್ವೋ?

ನಂದೀಶ: ಆಗ್ದೆ ಏನಕ್ಕ! ನಾಲ್ಕು ಬೋಲ್ಟು, ಎರಡು ವೈರು.

ಗೋವಿಂದರಾಜು: ಲೇ, ನಿನ್ನ ರಿಪೇರಿಗೆ ಕರೆಸಿದ್ದೋ ಸಾಕ್ಷಿ ಹೇಳೋಕೆ ಕರೆಸಿದ್ದೋ?

ನಂದೀಶ: ಅಲ್ಲ ಭಾವ, ಒಂದು ಮಾತು. ಫ್ಯೂಸ್ ನೋಡಿದ್ರಾ?

ಗೋವಿಂದರಾಜು: ಏನಂದೆ? ನನ್ನ ಸರ್ವೀಸೆಲ್ಲ ಸ್ಟೇರಿಂಗ್ ಹಿಂದೆ ಕಳ್ದಿದೀನಿ. ಫ್ಯೂಸ್ ನೋಡಿದ್ರಾ ಅಂತ ನನ್ನ ಕೇಳ್ತೀಯಾ? ಅಡುಗೆ ಭಟ್ಟನ್ನ ಉಪ್ಪು ಗೊತ್ತಾ ಅಂತ ಕೇಳ್ದಂಗಾಯ್ತು!

ನಂದೀಶ: ತಪ್ಪಾಯ್ತು ಭಾವ. ಫ್ಯೂಸ್ ವಿಷಯ ಬಿಟ್ಟೆ.

ವರಲಕ್ಷ್ಮಮ್ಮ ಗಂಡನ ಮುಖವನ್ನೊಮ್ಮೆ ನೋಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ನಂದೀಶ ಹಿಮ್ಮುಖವಾಗಿ ತೆವಳಿ ಹೊರಬಂದ. ಮೂಗಿನ ತುದಿಗೆ ಮಸಿ ಹತ್ತಿತ್ತು.

ನಂದೀಶ: ಕಾಯಿಲ್ ಹೋಗಿದೆ ಅಂದ್ಕೊಂಡೆ, ಅದಲ್ಲ. ಫ್ಯಾನ್ ಅಂದ್ಕೊಂಡೆ, ಅದೂ ಅಲ್ಲ. ನಂಗೀಗ ಥರ್ಮೋಸ್ಟಾಟ್ ಮೇಲೆ ಅನುಮಾನ.

ವರಲಕ್ಷ್ಮಮ್ಮ: ಅದ್ಯಾರಪ್ಪ?

ನಂದೀಶ: ಚಳಿ ಆದಾಗ ಹೀಟರನ್ನ ಎಬ್ಬಿಸೋ ಸಾಮಾನು ಅಕ್ಕ. ಚಳಿ ತಾಗ್ಲಿಲ್ಲ ಅಂದ್ರೆ ಅದು ಏಳೋದೇ ಇಲ್ಲ.

ವರಲಕ್ಷ್ಮಮ್ಮ: ನಿಮ್ಮ ಭಾವನಂಗೆ ಅನ್ನು. ಬಕೆಟ್ ನೀರು ಬೀಳೋತನಕ ಏಳಲ್ಲ.

ನಂದೀಶ: ಅಲ್ಲ ಭಾವ, ಇದು ಚಳಿ ಇಲ್ದೆ ಆನೇ ಆಗಲ್ಲ. ನಮ್ಮಲ್ಲಿ ಈಗ ಬಿಸಿಲು ಈ ಥರ ಹೊಡೀತಿದೆ. ಕೆಟ್ಟಿದೆ ಅಂತ ನಿಮಗೆ ಹೆಂಗೆ ಗೊತ್ತಾಯ್ತು?

ಗೋವಿಂದರಾಜು: (ಕೆಮ್ಮಿ) ಡ್ರೈವರ್‌ಗೆ ಗೊತ್ತಾಗುತ್ತೆ ಕಣೋ. ಗಾಡಿ ಹೇಳುತ್ತೆ. ಅದರ ಉಸಿರಾಟದಲ್ಲೇ ಗೊತ್ತಾಗುತ್ತೆ.

ವರಲಕ್ಷ್ಮಮ್ಮ: ಮನೇಲಿ ಗ್ಯಾಸ್ ಮುಗಿದು ಎರಡು ದಿನ ಆದ್ರೂ ಇವರಿಗೆ ಗೊತ್ತಾಗಲ್ಲ. ಗಾಡಿ ಉಸಿರಾಟ ಗೊತ್ತಾಗುತ್ತಂತೆ.

ನಂದೀಶ: ಒಂದು ಕೆಲಸ ಮಾಡೋಣ. ಅದಕ್ಕೆ ಮನಾಲಿನ ಇಲ್ಲೇ ತೋರಿಸ್ಬಿಡೋಣ. ದಾಬಸ್‌ಪೇಟೆ ಜ್ಯೂಸ್ ಅಂಗಡಿಯಿಂದ ಒಂದು ಮೂಟೆ ಐಸ್ ತಂದು ಡಿಕ್ಕೀಲಿ ಇಡ್ತೀನಿ. ಚಳಿಗೆ ಎದ್ರೆ ಸರಿ, ಏಳ್ಲಿಲ್ಲ ಅಂದ್ರೆ ಕೆಟ್ಟಿರೋದು ಖಾತ್ರಿ.

ಲುಂಗಿಯಲ್ಲೇ ಬೈಕು ಹತ್ತಿ ನಂದೀಶ ಹೊರಟುಹೋದ. ವರಲಕ್ಷ್ಮಮ್ಮ ಒಲೆಯ ಮೇಲಿನ ಸಾರು ನೋಡಲು ಮನೆಯೊಳಗೆ ಹೋದರು. ಅಷ್ಟರಲ್ಲಿ ಗೋವಿಂದರಾಜು ಅವರ ಫೋನು ಬಡಿದುಕೊಂಡಿತು. ಊರಿನ ಆ ತುದಿಯಲ್ಲಿ ಕಿರಿಮಗನ ಮನೆಯಲ್ಲಿದ್ದ ಅವರ ತಾಯಿ ಸಪ್ಪಲಮ್ಮನದು. ಆಕೆಗೆ ಕಿವಿ ಮಂದವೇನಲ್ಲ. ಆದರೆ ಕೇಳಿದ ಮಾತು ಮುಗಿಯುವ ಮೊದಲೇ ಅರ್ಥ ಮಾಡಿಕೊಳ್ಳುವ ಅವಸರ.

ಗೋವಿಂದರಾಜು: ಹೇಳವ್ವ... ಏನಿಲ್ಲ, ಎಲ್ಲ ಚೆನ್ನಾಗಿದ್ದೀವಿ. ಹೊಟ್ಟೆ ಹೀಟರ್‌ದೇ ತೊಂದ್ರೆ... ಹೂಂ, ಹೊಟ್ಟೆದು... ಒಂದು ವಾರದಿಂದ... ಇಲ್ಲವ್ವ, ಡಾಕ್ಟ್ರು ಯಾಕೆ, ನಂದೀಶ ಬಂದಿದ್ದಾನೆ. ಅವನೇ ಬಿಚ್ಚಿ ನೋಡ್ದ... ಹೂಂ, ಪೂರ್ತಿ ಬಿಚ್ಚಿದ... ಒಳಗೆಲ್ಲ ಸರಿಯಾಗಿದೆಯಂತೆ. ಈಗ ಐಸ್ ಇಟ್ಟು ನೋಡೋಣ ಅಂತ ತರೋಕೆ ಹೋಗಿದ್ದಾನೆ... ಅವ್ವಾ? ಅವ್ವಾ, ಅಳ್ತಿದ್ದೀಯಾ? ಹಲೋ?

ಅತ್ತ ಕಡೆಯಿಂದ ಫೋನು ಕಟ್ಟಾಗಿತ್ತು. ಸಿಗ್ನಲ್ ಹೋಗಿರಬೇಕೆಂದುಕೊಂಡು ಗೋವಿಂದರಾಜು ಅದನ್ನು ಜೇಬಿಗೆ ಸೇರಿಸಿದರು.

ನಂದೀಶ ಬೇಗನೆ ಹಿಂದಿರುಗಿದ. ಐಸಿನ ಮೂಟೆಯನ್ನು ಹೀಟರಿನ ಪಕ್ಕಕ್ಕೇ ತಳ್ಳಿ, ಡಿಕ್ಕಿಯ ಬಾಗಿಲು ಮುಚ್ಚಿದ. ವರಲಕ್ಷ್ಮಮ್ಮನವರೂ ಒಳಗಿನಿಂದ ಬಂದರು. ಮೂವರೂ ಬಾಗಿಲಿಗೆ ಕಿವಿಯಿಟ್ಟು ನಿಂತರು. ದಾರಿಯಲ್ಲಿ ಹೋಗುತ್ತಿದ್ದವರು ಏನೋ ಅನಾಹುತವೆಂದು ನಿಂತು ನೋಡಿ ಮುಂದೆ ಹೋದರು.

ನಂದೀಶ: ಸದ್ದೇ ಇಲ್ಲ.

ಗೋವಿಂದರಾಜು: (ತಡೆಯಲಾರದ ಖುಷಿಯಲ್ಲಿ) ನೋಡ್ದಾ? ನಾನು ಹೇಳಿರ್ಲಿಲ್ವಾ? ಸತ್ತೇ ಹೋಗಿದೆ!

ವರಲಕ್ಷ್ಮಮ್ಮ: ಸತ್ತಿದೆ ಅಂತ ಇಷ್ಟು ಸಂತೋಷಪಡೋರನ್ನ ಇವತ್ತೇ ನೋಡಿದ್ದು. ಸತ್ತಿದ್ರೆ ಒಳ್ಳೇದಾಯ್ತು, ಹೊಸದು ತರೋಣ.

ಗೋವಿಂದರಾಜು: ಹೊಸದು, ಹೊಸದು! ಬೇರೆ ಮಾತೇ ಬರಲ್ವಾ ನಿಂಗೆ?

ವರಲಕ್ಷ್ಮಮ್ಮ: ನಿಮಗೆ ಬೇರೆ ಮಾತು ಬರೋತನಕ ನಂಗೂ ಬರಲ್ಲ.

ನಂದೀಶ: ಇಬ್ರೂ ಸುಮ್ನಿರಿ. ಥರ್ಮೋಸ್ಟಾಟ್ ಬಿಚ್ಚಿ ನೋಡ್ತೀನಿ. ಭಾವ, ಸಣ್ಣ ಸ್ಕ್ರೂಡ್ರೈವರ್ ಇದ್ರೆ ಕೊಡಿ.

ಗೋವಿಂದರಾಜು ಸ್ಕ್ರೂಡ್ರೈವರ್ ಹುಡುಕಲು ಮನೆಗೆ ಹೋದರು. ಅದು ಎಲ್ಲಿದೆ ಎಂದು ಅವರಿಗೆ ಗೊತ್ತಿಲ್ಲದ್ದರಿಂದ ವರಲಕ್ಷ್ಮಮ್ಮನವರೂ ಹಿಂದೆಯೇ ಹೋದರು. ನಂದೀಶ ಮತ್ತೆ ಡಿಕ್ಕಿಯೊಳಗೆ ನುಸುಳಿದ. ಹೊರಗೆ ಚೌಕುಳಿ ಲುಂಗಿಯ ಅಂಚು, ಎರಡು ಬರಿ ಪಾದ.

ಆಗ ಸಪ್ಪಲಮ್ಮ ಬಂದರು. ಒಂದು ಕೈಯಲ್ಲಿ ಮೆಂತ್ಯ ಕಲಸಿದ ಮಜ್ಜಿಗೆಯ ಚೊಂಬು, ಇನ್ನೊಂದರಲ್ಲಿ ಹರಳೆಣ್ಣೆಯ ಸೀಸೆ. ಬಿಸಿಲಿನಲ್ಲಿ ಓಡೋಡಿ ಬಂದು ಏದುಸಿರು ಬಿಡುತ್ತಿದ್ದ ಆಕೆಯ ಕಣ್ಣಿಗೆ ಬಿದ್ದದ್ದು ಮಗನ ಲುಂಗಿ, ಅದರ ಪಕ್ಕದಲ್ಲಿ ಕರಗಿ ಹರಿಯುತ್ತಿದ್ದ ಐಸ್ ನೀರು.

ಸಪ್ಪಲಮ್ಮ: ಅಯ್ಯೋ ನನ್ ಮಗನೇ! ಇಂಗ್ ತಗೊಂಡೋಗಿ ತಗಡಿನ ಪೆಟ್ಗೇಲಿ ಮಲಗ್ಸವ್ರಲ್ಲಪ್ಪೋ! ಒಟ್ಟೆ ಈಟಾದ್ರೆ ಐಸ್ ಇಕ್ತಾರಾ ಯಾರಾದ್ರೂ? ಅಂಗಾಲಿಗೆ ಎಣ್ಣೆ ಇಕ್ಕುದ್ರೆ ಇಳಿಯೋ ಈಟು ಇದು. ಅಳ್ಳಾಡ್ಬ್ಯಾಡ ಕಣ್ಲಾ, ನಾನ್ ಬಂದಿವ್ನಿ!

ಹೇಳುತ್ತಲೇ ಅಂಗೈ ತುಂಬ ಹರಳೆಣ್ಣೆ ಸುರಿದುಕೊಂಡು ಎರಡೂ ಅಂಗಾಲುಗಳಿಗೆ ಒಟ್ಟಿಗೇ ತಿಕ್ಕತೊಡಗಿದರು. ನಂದೀಶನಿಗೆ ಬಾಲ್ಯದಿಂದ ಅಂಗಾಲಿನ ಕಚಗುಳಿ ತಡೆಯುತ್ತಿರಲಿಲ್ಲ.

ನಂದೀಶ: ಆಯ್! ಯಾರದು! ಹಾ ಹಾ... ಬಿಡಿ... ಅಯ್ಯೋ... ಹೀ ಹೀ... ಬಿಡ್ರೀ!

ಸಪ್ಪಲಮ್ಮ: ನೋಡು, ಈಟು ತಲೆಗೇರ್ಬುಟ್ಟದೆ. ನಗ್ತಾ ಅವ್ನೆ!

ಕಾಲು ಜಾಡಿಸಿದ ರಭಸಕ್ಕೆ ನಂದೀಶನ ತಲೆ ಮೇಲಿನ ತಗಡಿಗೆ ಬಡಿಯಿತು. ಆಸರೆಗೆಂದು ಹಿಡಿದ ಕೈಗೆ ಹೀಟರೇ ಸಿಕ್ಕಿತು. ಲಟಕ್ಕೆಂದು ಏನೋ ಮುರಿಯಿತು. ಸದ್ದಿಗೆ ಗೋವಿಂದರಾಜು ದಂಪತಿ ಓಡಿಬಂದಾಗ ನಂದೀಶ ಒಂದು ಕೈಯಲ್ಲಿ ಹೀಟರಿನ ಮುಕ್ಕಾಲು ಭಾಗವನ್ನೂ ಇನ್ನೊಂದರಲ್ಲಿ ಉಳಿದ ಕಾಲು ಭಾಗವನ್ನೂ ಹಿಡಿದು ಹೊರಗೆ ಕೂತಿದ್ದ. ಸಪ್ಪಲಮ್ಮ ಅವನ ಮುಖ ನೋಡಿ, ತಿರುಗಿ ಮಗನ ಮುಖ ನೋಡಿದರು.

ಸಪ್ಪಲಮ್ಮ: ಲೋ ಗೋವಿಂದ, ನೀನು ಇಲ್ಲಿದ್ರೆ ಈ ಕಾಲು ಯಾರದ್ಲಾ?

ನಂದೀಶ: ನಂದು ಅತ್ತೆ.

ಸಪ್ಪಲಮ್ಮ: ನಿಂಗೂ ಒಟ್ಟೆ ಈಟಾ?

ಗೋವಿಂದರಾಜು: ಯಾರಿಗೂ ಹೊಟ್ಟೆ ಹೀಟಿಲ್ಲ ಕಣವ್ವ! ಗಾಡಿ ಹೊಟ್ಟೆಲಿರೋ ಹೀಟರ್! ನೀರು ಬೆಚ್ಚಗಿಡೋ ಮೆಷೀನು!

ಸಪ್ಪಲಮ್ಮ: ನೀರು ಬೆಚ್ಚಗಿಡೋದಕ್ಕೆ ಐಸ್ ತಂದು ಇಕ್ಕುದ್ರಾ? (ಸೊಸೆಯ ಕಡೆ ತಿರುಗಿ) ವರಲಕ್ಷ್ಮೀ, ಇವ್ರಿಬ್ರುಗೂ ಒಂದೊಂದು ಲೋಟ ಮಜ್ಜಿಗೆ ಕುಡ್ಸಮ್ಮ. ಈಟು ಎಲ್ಲದೆ ಅಂತ ನಂಗ್ ಗೊತ್ತಾಯ್ತು.

ನಂದೀಶ ಮುರಿದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ನೋಡಿ, ಕೈಬಿಟ್ಟು, ನೆಲದ ಮೇಲಿಟ್ಟ.

ನಂದೀಶ: ಕಾಯಿಲ್ ಎರಡು ತುಂಡು ಭಾವ. ಇನ್ನು ಇದನ್ನ ಆ ದೇವರು ಬಂದ್ರೂ ರಿಪೇರಿ ಮಾಡೋಕಾಗಲ್ಲ.

ವರಲಕ್ಷ್ಮಮ್ಮ: ಈಗ ನಿಜವಾಗ್ಲೂ ಕೆಡ್ತು ಅನ್ನು.

ನಂದೀಶ: ನಿಜವಾಗ್ಲೂ ಅಂದ್ರೆ?

ವರಲಕ್ಷ್ಮಮ್ಮ ಸೆರಗಿನ ತುದಿಯ ಗಂಟು ಬಿಚ್ಚಿದರು. ಅದರೊಳಗಿಂದ ಉಗುರಿನಷ್ಟು ದೊಡ್ಡ ನೀಲಿ ಪ್ಲಾಸ್ಟಿಕ್ಕಿನ ಚೂರೊಂದನ್ನು ತೆಗೆದು ತಮ್ಮನ ಅಂಗೈಯಲ್ಲಿಟ್ಟರು.

ವರಲಕ್ಷ್ಮಮ್ಮ: ಮೊನ್ನೆ ಬಟ್ಟೆ ಒಗೆಯೋವಾಗ ನಿಮ್ಮ ಭಾವನ ಅಂಗಿ ಜೇಬಲ್ಲಿ ಸಿಕ್ತು. ಇದೇನು ಹೇಳಪ್ಪ.

ನಂದೀಶ: ಫ್ಯೂಸು! ಭಾವ, ಇದು ಹೀಟರ್ ಫ್ಯೂಸ್ ಅಲ್ವಾ?

ಸಪ್ಪಲಮ್ಮ: ಮಾತ್ರೆ ಕಣ್ಲಾ ಅದು. ನುಂಗ್ದೆ ಜೇಬಲ್ಲಿ ಮಡಿಕ್ಕೊಂಡವ್ನೆ. ಅದಕ್ಕೇ ಈಟು ಇಳೀಲಿಲ್ಲ.

ಗೋವಿಂದರಾಜು ಹೊಂಗೆ ಮರದ ಕೊಂಬೆಯನ್ನು ಮೊದಲ ಸಲ ನೋಡುತ್ತಿರುವವರಂತೆ ತಲೆಯೆತ್ತಿ ನಿಂತರು.

ನಂದೀಶ: ಅಂದ್ರೆ ಹೀಟರ್ ಚೆನ್ನಾಗೇ ಇತ್ತು! ನಾನು ಬೆಳಗಿನಿಂದ ಆ ಗೂಡಲ್ಲಿ ಬೆಂದಿದ್ದು, ಐಸ್ ಹೊತ್ತಿದ್ದು, ತಲೆ ಒಡ್ಕೊಂಡಿದ್ದು... ಯಾಕ್ ಭಾವ? ಪ್ರಯಾಣ ನಿಲ್ಲಿಸೋಕಾ? ಮತ್ತೆ ಹೋದ ತಿಂಗಳು ನನ್ನ ಯಾಕೆ ಕರೆದ್ರಿ? ಮೆಕಾನಿಕ್ ಜೊತೆಗಿದ್ರೆ ಧೈರ್ಯ, ನೀನೂ ಬಾರೋ ಅಂತ?

ವರಲಕ್ಷ್ಮಮ್ಮ: ನಿನ್ನ ಕರೆದಿದ್ರಾ?

ಸಪ್ಪಲಮ್ಮ: ನನ್ನೂ ಕರೆದ ಕಣಮ್ಮ. ಅವ್ವ ನೀನು ಬಾ, ಮುಂದ್ಗಡೆ ಸೀಟ್ ನಿಂಗೇ ಅಂತ. ಈ ಮಂಡಿ ಇಟ್ಕೊಂಡು ಮಂಜಲ್ಲಿ ಏನ್ ಮಾಡ್ಲಪ್ಪ, ಬರಾಕಿಲ್ಲ ಅಂದೆ.

ನಂದೀಶ: ಅಪ್ಪಯ್ಯಣ್ಣನ್ನೂ ಕೇಳಿದ್ದೀನಿ ಅಂದ್ರಲ್ಲ ಭಾವ. ಅವರೂ ಒಪ್ಪಲಿಲ್ವಾ?

ವರಲಕ್ಷ್ಮಮ್ಮ: ಯಾರು, ಇವರ ಬಸ್ಸಿನ ಹಳೇ ಕಂಡಕ್ಟರ್ ಅಪ್ಪಯ್ಯಣ್ಣನಾ? ಅವರನ್ನ ಯಾತಕ್ಕೆ, ನಂಗೆ ಟಿಕೆಟ್ ಹರಿಯೋಕಾ?

ಯಾರೂ ನಗಲಿಲ್ಲ. ವರಲಕ್ಷ್ಮಮ್ಮನವರ ದನಿ ಬೆಳಗಿನ ದನಿಯಾಗಿರಲಿಲ್ಲ.

ವರಲಕ್ಷ್ಮಮ್ಮ: ಫ್ಯೂಸ್ ಸಿಕ್ದಾಗ್ಲೇ ಕೇಳ್ಬೋದಿತ್ತು. ಹೊಸದು ಹಾಕಿಸಿ, ಹೊಸದು ಹಾಕಿಸಿ ಅಂತ ಬಡ್ಕೊಂಡಿದ್ದು ಯಾಕೆ ಗೊತ್ತಾ? ಇನ್ನು ದಾರಿ ಇಲ್ಲ ಅಂತ ಆದಾಗ ನೀವೇ ಬಾಯಿಬಿಟ್ಟು ಹೇಳ್ತೀರೇನೋ ಅಂತ. ಯುಗಾದಿ ಅಂದ್ರೆ ಸ್ಪೆಷಲ್ ಬಸ್ಸು, ದೀಪಾವಳಿ ಅಂದ್ರೆ ಸ್ಪೆಷಲ್ ಬಸ್ಸು. ಊರೋರನ್ನೆಲ್ಲ ಎಲ್ಲೆಲ್ಲಿಗೋ ಕರ್ಕೊಂಡು ಹೋದ್ರಿ. ನನ್ನೊಬ್ಬಳನ್ನ ಕರ್ಕೊಂಡು ಹೋಗೋಕೆ ಇಷ್ಟ ಇಲ್ಲ ಅಂದ್ರೆ ಒಂದು ಮಾತು ಸಾಕಿತ್ತು.

ಅವರು ಹೋಗಿ ಕ್ಯಾರವಾನಿನ ಮೆಟ್ಟಿಲ ಮೇಲೆ ಕೂತರು. ಸಪ್ಪಲಮ್ಮ ಇಷ್ಟು ಹೊತ್ತಿಗೆ ವಿಷಯವನ್ನು ಸರಿಯಾಗಿ ಅರ್ಥ ಮಾಡಿಕೊಂಡಿದ್ದರು. ನಂದೀಶನ ರಟ್ಟೆ ಹಿಡಿದು ಎಬ್ಬಿಸಿದರು.

ಸಪ್ಪಲಮ್ಮ: ನಡಿಯಪ್ಪ, ತಲೆ ಊದ್ಕೊಂಡದೆ. ಒಳಗೆ ಅರಿಶಿಣ ಅಚ್ತೀನಿ.

ನಂದೀಶ: ಕಾಲಿಗೆ ಮಾತ್ರ ಏನೂ ಹಚ್ಬೇಡಿ ಅತ್ತೆ.

ಅವರಿಬ್ಬರೂ ಒಳಗೆ ಹೋದ ಮೇಲೆ ಗೋವಿಂದರಾಜು ಮೆಲ್ಲನೆ ಬಂದು ಮೆಟ್ಟಿಲ ಪಕ್ಕದಲ್ಲಿ ನಿಂತರು. ಸ್ವಲ್ಪ ಹೊತ್ತು ಗಾಡಿಯ ಚಕ್ರವನ್ನು ಕಾಲಿನಿಂದ ಒತ್ತಿ ನೋಡಿದರು. ಗಾಳಿ ಸರಿಯಾಗಿಯೇ ಇತ್ತು.

ಗೋವಿಂದರಾಜು: ಇಷ್ಟ ಇಲ್ದೆ ಅಲ್ಲ ಕಣೇ.

ವರಲಕ್ಷ್ಮಮ್ಮ: ಮತ್ತೆ?

ಗೋವಿಂದರಾಜು: ಒಂದು ತಿಂಗಳು. ನಾವಿಬ್ರೇ.

ವರಲಕ್ಷ್ಮಮ್ಮ: ಹೂಂ. ಅದಕ್ಕೆ?

ಗೋವಿಂದರಾಜು: ಬಸ್ಸಲ್ಲಿ ನನ್ನ ತಲೆ ಮೇಲೆ ಒಂದು ಬೋರ್ಡ್ ಇರ್ತಿತ್ತು. ಚಾಲಕರೊಂದಿಗೆ ಮಾತನಾಡಬೇಡಿ ಅಂತ. ಯಾರೂ ಮಾತಾಡ್ಸಲಿಲ್ಲ, ನಾನೂ ಮಾತಾಡ್ಲಿಲ್ಲ. ಸರ್ವೀಸೆಲ್ಲ ಹಂಗೇ ಕಳೀತು. ಮನೆಗೆ ಬಂದ್ರೆ ಊಟ, ನಿದ್ದೆ, ಮತ್ತೆ ಡ್ಯೂಟಿ. ನಂಗೆ ಮಾತಾಡ್ಕೊಂಡು ಗಾಡಿ ಓಡಿಸಿ ಅಭ್ಯಾಸನೇ ಇಲ್ಲ ಕಣೇ. ನೀನು ಅಷ್ಟು ಆಸೆಯಿಂದ ಬಂದು ಪಕ್ಕದಲ್ಲಿ ಕೂತ್ಕೊಂಡು, ನಾನು ಕಲ್ಲಿನಂಗೆ ಸುಮ್ನೆ ಓಡಿಸ್ತಾ ಇದ್ರೆ... ಇಂಥ ಮನುಷ್ಯನ ಜೊತೆ ಯಾಕಾದ್ರೂ ಬಂದ್ನೋ ಅಂತ ನಿಂಗೆ ಶಿರಾ ದಾಟೋಕೆ ಮುಂಚೆ ಅನ್ನಿಸ್ಬಿಟ್ರೆ?

ವರಲಕ್ಷ್ಮಮ್ಮ: ಅದು ಮದುವೆ ಆದ ವಾರಕ್ಕೇ ಅನ್ನಿಸಿತ್ತು. ಆಮೇಲೆ ಅಭ್ಯಾಸ ಆಯ್ತು.

ಗೋವಿಂದರಾಜು ಗಾಬರಿಯಿಂದ ತಲೆಯೆತ್ತಿದರು. ಹೆಂಡತಿಯ ತುಟಿಯಂಚಿನಲ್ಲಿ ನಗುವಿತ್ತು.

ವರಲಕ್ಷ್ಮಮ್ಮ: ಅಷ್ಟಕ್ಕೇ ನಿಮ್ಮಮ್ಮ, ನನ್ನ ತಮ್ಮ, ಕಂಡಕ್ಟರ್, ಎಲ್ಲರನ್ನೂ ಗಾಡಿ ತುಂಬ ತುಂಬ್ಕೋಬೇಕು ಅಂತಿದ್ರಾ?

ಗೋವಿಂದರಾಜು: ಅವರಾದ್ರೂ ನಿನ್ನ ಜೊತೆ ಮಾತಾಡ್ತಾರಲ್ಲ ಅಂತ.

ವರಲಕ್ಷ್ಮಮ್ಮ: ಅಲ್ಲಾ ರೀ, ಒಂದು ವಾರದಿಂದ ಈ ತಗಡಿನ ಡಬ್ಬಿ ವಿಷಯಕ್ಕೆ ನೀವು ಬಾಯಿ ಮುಚ್ಚಿದ್ದೀರಾ? ಬೆಳಿಗ್ಗೆ ಕಾಫಿಗೂ ಅದೇ, ರಾತ್ರಿ ಮುದ್ದೆಗೂ ಅದೇ. ನಿನ್ನೆ ನಿದ್ದೇಲೂ ಹೀಟರ್ ಹೀಟರ್ ಅಂದ್ರಿ. ಮಾತು ಬರಲ್ಲ ಅನ್ನೋರು ಹಿಂಗೆ ಮಾತಾಡಿದ್ರೆ, ಬರೋರ ಗತಿ ಏನು?

ಗೋವಿಂದರಾಜು: ಅದು ಮಾತಲ್ವಲ್ಲೇ. ಜಗಳ.

ವರಲಕ್ಷ್ಮಮ್ಮ: ಮತ್ತೆ ನಾನೇನು ನಿಮ್ಮ ಜೊತೆ ಹರಿಕಥೆ ಮಾಡೋಕೆ ಬರ್ತಿದ್ದೀನಾ? ಏಳಿ, ಹೊಸ ಹೀಟರ್ ಎಲ್ಲಿ ಸಿಗುತ್ತೆ ಕೇಳಿ ನಂದೀಶನ್ನ.

ನಂದೀಶನನ್ನು ಕೇಳುವ ಅಗತ್ಯವೇ ಬೀಳಲಿಲ್ಲ. ಹಣೆಗೆ ಅರಿಶಿಣ ಮೆತ್ತಿಕೊಂಡು ಕಿಟಕಿಯ ಹಿಂದೆ ನಿಂತಿದ್ದವನು ಅಲ್ಲಿಂದಲೇ ಉತ್ತರ ಕೊಟ್ಟ.

ನಂದೀಶ: ನೆಲಮಂಗಲದಲ್ಲಿ ಉಮಾಶಂಕರ್ ಅಂಗಡೀಲಿ ಇದೆ ಅಕ್ಕ! ಲಡಾಖ್‌ಗೆ ಹೋಗೋ ಗಾಡಿಗೆ ಅಂತ ತರಿಸಿದ್ದು ಒಂದು ಉಳಿದಿದೆ. ಸರ್ವೀಸ್ ರೋಡಲ್ಲೇ ಅಂಗಡಿ. ನಾನು ಬೈಕಲ್ಲಿ ಮುಂದೆ ಹೋಗಿ ನಿಂತಿರ್ತೀನಿ, ನೀವು ಗಾಡಿ ತನ್ನಿ, ಅಲ್ಲೇ ಕೂರಿಸ್ಬಿಡೋಣ.

ಸಪ್ಪಲಮ್ಮ: (ಇನ್ನೊಂದು ಕಿಟಕಿಯಿಂದ) ಮಜ್ಜಿಗೆ ತಗೊಂಡೋಗ್ರಪ್ಪ!

ಗೋವಿಂದರಾಜು ಸ್ಟೇರಿಂಗ್ ಹಿಂದೆ ಕೂತರು. ವರಲಕ್ಷ್ಮಮ್ಮ ಮುಂದಿನ ಸೀಟಿನಲ್ಲಿ, ಸೆರಗು ಹೊದ್ದು, ದೂರ ಪ್ರಯಾಣಕ್ಕೆ ಕೂತವರಂತೆ ಕೂತರು. ಹಳ್ಳಿ ದಾಟುವವರೆಗೆ ಮಾತಿಲ್ಲ. ಹೆದ್ದಾರಿ ಹತ್ತಿದರೂ ಮಾತಿಲ್ಲ. ಗೋವಿಂದರಾಜು ಅವರ ಹಣೆಯಲ್ಲಿ ಬೆವರು ಮೂಡಿತು. ಎರಡು ಸಲ ಗಂಟಲು ಸರಿಮಾಡಿಕೊಂಡರು.

ಗೋವಿಂದರಾಜು: ಫ್ರಿಡ್ಜು... ಫ್ರಿಡ್ಜು ಯಾಕೋ ಸದ್ದು ಮಾಡ್ತಿದೆ.

ವರಲಕ್ಷ್ಮಮ್ಮ: ಫ್ರಿಡ್ಜಲ್ಲ, ಅದರೊಳಗೆ ಇಟ್ಟಿರೋ ನಿಮ್ಮಮ್ಮನ ಮಜ್ಜಿಗೆ ಚೊಂಬು.

ಗೋವಿಂದರಾಜು: ಚೊಂಬಾದ್ರೆ ಟಣ್ ಅನ್ಬೇಕು ಕಣೇ. ಇದು ಗುರ್ ಅಂತಿದೆ. ರಿಪೇರಿ ಮಾಡಿಸ್ಬೇಕು.

ವರಲಕ್ಷ್ಮಮ್ಮ: ರಿಪೇರಿ ಅನ್ನೋ ಮಾತು ಎತ್ತಿದ್ರೆ ನಾನು ಇಲ್ಲೇ ಇಳೀತೀನಿ.

ಗೋವಿಂದರಾಜು: ಇಲ್ಲಿ ಇಳಿಸೋಕಾಗಲ್ಲ. ಇಲ್ಲೆಲ್ಲ ನಿಲ್ಲಿಸಿ ಒಂದು ಸಲ ಪಾಡು ಪಟ್ಟಿದ್ದೀನಿ. ಒಂದು ಮದುವೆ ದಿಬ್ಬಣಕ್ಕೆ ಬಸ್ ತಗೊಂಡು ದೊಡ್ಡಬಳ್ಳಾಪುರಕ್ಕೆ ಹೋಗಿದ್ವಲ್ಲ, ಹೇಳಿರ್ಲಿಲ್ವಾ?

ವರಲಕ್ಷ್ಮಮ್ಮ: ನೀವು ಏನು ತಾನೇ ಹೇಳಿದ್ದೀರಾ?

ಗೋವಿಂದರಾಜು: ದಾರೀಲಿ ಟೀ ಕುಡಿಯೋಕೆ ಅಂತ ನಿಲ್ಲಿಸ್ದೆ. ಹೊರಡೋವಾಗ ಅಪ್ಪಯ್ಯಣ್ಣ ತಲೆ ಎಣಿಸಿ, ಲೆಕ್ಕ ಸರಿಯಿದೆ ಅಂತ ಸೀಟಿ ಊದ್ದ. ಛತ್ರದ ಮುಂದೆ ಹೋಗಿ ನಿಲ್ಲಿಸ್ತೀನಿ, ಆರತಿ ತಟ್ಟೆ ಹಿಡ್ಕೊಂಡು ಹೆಣ್ಣಿನ ಕಡೆಯೋರೆಲ್ಲ ನಿಂತಿದ್ದಾರೆ, ಓಲಗ ಊದ್ತಿದ್ದಾರೆ... ಗಂಡೇ ಇಲ್ಲ!

ವರಲಕ್ಷ್ಮಮ್ಮ: ಅಯ್ಯೋ! ಎಲ್ಲಿ ಹೋದ?

ಗೋವಿಂದರಾಜು: ಟೀ ಅಂಗಡಿ ಹಿಂದುಗಡೆ. ಪೇಟ ಬಿಚ್ಚಿಟ್ಟು ಒಂದಕ್ಕೆ ಹೋಗಿದ್ದ.

ವರಲಕ್ಷ್ಮಮ್ಮ: ಮತ್ತೆ ಲೆಕ್ಕ ಹೆಂಗೆ ಸರಿಹೋಯ್ತು?

ಗೋವಿಂದರಾಜು: ಪುರೋಹಿತರು ಸೀಟು ಬದಲಾಯಿಸಿದ್ರು. ಅಪ್ಪಯ್ಯಣ್ಣ ಅವರನ್ನ ಎರಡು ಸಲ ಎಣಿಸ್ಬಿಟ್ಟಿದ್ದ!

ವರಲಕ್ಷ್ಮಮ್ಮ ಬಾಯಿಗೆ ಸೆರಗು ಒತ್ತಿ ನಕ್ಕರು. ತಡೆಯಲಾಗದೆ ಸೆರಗು ತೆಗೆದೇ ನಕ್ಕರು. ಅದನ್ನು ಕೇಳಿ ಗೋವಿಂದರಾಜು ಅವರಿಗೂ ನಗು ಬಂತು. ಗಾಡಿ ಟೋಲು ದಾಟಿತು. ಗೋದಾಮುಗಳ ಉದ್ದನೆಯ ಛಾವಣಿಗಳು ಹಿಂದೆ ಸರಿದವು.

ವರಲಕ್ಷ್ಮಮ್ಮ: ಇಂಥದ್ದನ್ನೆಲ್ಲ ಇಷ್ಟು ವರ್ಷ ಹೊಟ್ಟೇಲಿ ಇಟ್ಕೊಂಡಿದ್ರಾ? ಆಮೇಲೆ? ಮದುವೆ ಆಯ್ತಾ ಇಲ್ವಾ?

ಗೋವಿಂದರಾಜು: ಇರು ಹೇಳ್ತೀನಿ. ಅಷ್ಟರಲ್ಲಿ ಗಂಡು ಏನು ಮಾಡಿದ್ದಾನೆ, ಒಂದು ರೇಷ್ಮೆಗೂಡಿನ ಲಾರಿಗೆ ಕೈ ಅಡ್ಡ ಹಾಕಿ...

ಫೋನು ಬಡಿದುಕೊಂಡಿತು. ನಂದೀಶ. ವರಲಕ್ಷ್ಮಮ್ಮ ಎತ್ತಿ ಸ್ಪೀಕರಿಗೆ ಹಾಕಿದರು.

ನಂದೀಶ: ಅಕ್ಕಾ! ಅಂಗಡಿ ಮುಂದೆ ನಿಂತು ಎರಡು ಕೈಯಲ್ಲೂ ಅಡ್ಡ ಹಾಕ್ದೆ, ಕೂಗ್ದೆ, ಉಮಾಶಂಕರನೂ ಸೀಟಿ ಹೊಡೆದ. ನೀವು ಸರ್ವೀಸ್ ರೋಡಿಗೆ ಇಳೀಲೇ ಇಲ್ಲ, ಮೇಲುಗಡೆ ರಸ್ತೇಲಿ ನಗ್ತಾ ಹೋಗ್ಬಿಟ್ರಿ! ಭಾವನ್ನ ನಿಲ್ಲಿಸೋಕೆ ಹೇಳು!

ಗೋವಿಂದರಾಜು ಬೆಚ್ಚಿಬಿದ್ದು ಕನ್ನಡಿ ನೋಡಿದರು. ನೆಲಮಂಗಲ ಆಗಲೇ ಹಿಂದೆ ಬಿದ್ದು ಸಣ್ಣದಾಗುತ್ತಿತ್ತು.

ಗೋವಿಂದರಾಜು: ಅಯ್ಯಯ್ಯೋ! ನನ್ನ ಸರ್ವೀಸಲ್ಲೇ ಒಂದು ಸ್ಟಾಪ್ ಬಿಟ್ಟೋನಲ್ಲ ನಾನು! ಮುಂದೆ ತಿರುಗಿಸ್ಲಾ?

ವರಲಕ್ಷ್ಮಮ್ಮ: ಸುಮ್ನೆ ಓಡಿಸಿ, ಗಂಡು ಇನ್ನೂ ಛತ್ರ ಸೇರಿಲ್ಲ. (ಫೋನಿಗೆ) ನಂದೀಶ, ಹೀಟರ್ ತಗೊಂಡು ನಿಧಾನಕ್ಕೆ ಮನೆಗೆ ಬಾರಪ್ಪ. ಇದು ಎಕ್ಸ್‌ಪ್ರೆಸ್ ಗಾಡಿ ಕಣೋ. ನೆಲಮಂಗಲದಲ್ಲಿ ಸ್ಟಾಪ್ ಇಲ್ಲ.